ಅಂಗೈಯ ಉಪ್ಪು

"ಬಾರೋ ತಮ್ಮಾ, ಬಾ," ಎಂದು ಹೊಳಬಸಪ್ಪ ಹರಳುಪ್ಪು ತುಂಬಿದ ಅಂಗೈ ಚಾಚಿದ. ಪೊದೆ ಅಲುಗಿತು. ಕೊಂಬಿನ ಚಿಗರಿಯೊಂದು ಹೊರಬಂದು ನೇರವಾಗಿ ಅವನತ್ತ ನಡೆಯಿತು. ಅವನ ಬೆನ್ನ ಹಿಂದೆ, ಬಂಡೆಗೆ ಒರಗಿ ಕೂತಿದ್ದ ಅಪ್ಪಾಸಾಹೇಬ ದೇಸಾಯರು ಬಂದೂಕು ಎತ್ತಿದರು.

ಸಾಸವಡದ ಹತ್ತಿರದ ಈ ಗುಡ್ಡವನ್ನು ಕೊಂಡಾಗಿನಿಂದ ಹೊಳಬಸಪ್ಪ ಅದರೊಳಗೆ ಯಾರ ಕೊಡಲಿಯನ್ನೂ ಬಂದೂಕನ್ನೂ ಬಿಟ್ಟಿರಲಿಲ್ಲ. ಸೋಮವಾರ ಬಂತೆಂದರೆ ಪುಣೆಯ ಅರಿವೆ ಅಂಗಡಿಗೆ ಬಾಗಿಲು ಹಾಕಿ ಬಂದು, ಕೈಯಾರೆ ಚಿಗರಿಗಳಿಗೆ ಉಪ್ಪು ತಿನ್ನಿಸುತ್ತಿದ್ದ. ಆದರೆ ದೇಸಾಯರು ಅವನ ಮಗಳು ಪಾರವ್ವನಿಗೆ ಮಾವನಾಗುವವರು. ನಿಶ್ಚಯ ಇನ್ನೂ ಆಗಬೇಕಿತ್ತು.

"ತಿನ್ನಾಕಲ್ರಿ ಬೀಗರ, ಪಡಸಾಲ್ಯಾಗ ಕೊಂಬು ತೂಗ್ಹಾಕಾಕ. ನಿಮ್ಮ ಕೈಗೆ ಬರ್ತಾವಂತಲ್ಲ, ಒಂದನ್ನ ಕರೀರಿ," ಎಂದು ಅವರು ಬೆಳಿಗ್ಗೆ ನಕ್ಕಿದ್ದರು. "ಆಗಲ್ರಿ," ಎಂದು ಅವನೂ ನಕ್ಕಿದ್ದ.

ಈಗ ಬಿಸಿ ಉಸಿರು ಅಂಗೈಗೆ ತಾಗಿತು. ಒರಟು ನಾಲಿಗೆ ನಂಬಿಕೆಯಿಂದ ನೆಕ್ಕತೊಡಗಿತು. "ಜರಾ ಬಾಜೂಕ ಸರೀರಿ," ಎಂದು ಹಿಂದಿನಿಂದ ಪಿಸುಮಾತು ಬಂತು. ಹೊಳಬಸಪ್ಪನ ಮುಖ ಕಾದ ಹಂಚಿನಂತೆ ಉರಿಯಿತು. ಉಪ್ಪು ಚೆಲ್ಲಿ, "ಹೋಗ! ಅತ್ತಾಗ ಓಡಿ ಹೋಗ!" ಎಂದು ಚೀರಿದ. ಬಗ್ಗಿ ಕಲ್ಲೊಂದನ್ನು ಹೆಕ್ಕಿ ಚಿಗರಿಯ ಮೇಲೆ ಎಸೆದ.

ಚಿಗರಿ ಒಂದು ಹೆಜ್ಜೆ ಹಿಂದೆ ಸರಿದು ಅವನ ಮುಖ ನೋಡಿತು. ಈ ಗುಡ್ಡದಲ್ಲಿ ಮನುಷ್ಯರಿಗೆ ಹೆದರುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಮತ್ತೆ ಮುಂದೆ ಬಂದು, ಅವನ ಕೈಯ ಉಪ್ಪು ಅಂಟಿದ್ದ ಆ ಕಲ್ಲನ್ನು ಮೂಸಿ, ಮೆಲ್ಲಗೆ ನೆಕ್ಕತೊಡಗಿತು.