ಅತ್ತಿಗೆ ಹೇಳಿದ ಕೊನೆ

"ಕೊನೆ ಏನಾಗತ್ತೆ ಅಂತ ಹೇಳಿಬಿಡಿ ಅತ್ತಿಗೆ," ಎಂದಳು ನಾದಿನಿ, ಆಸ್ಪತ್ರೆಯ ದಿಂಬಿನಿಂದ ತಲೆಯೆತ್ತದೆ.

ಚೀಲದಿಂದ ಪುಸ್ತಕಗಳನ್ನು ತೆಗೆಯುತ್ತಿದ್ದ ಅತ್ತಿಗೆಯ ಕೈ ಅಲ್ಲೇ ನಿಂತಿತು. ಲೆಕ್ಕದ ಟೀಚರಾಗಿ ಶಾಲೆಯಲ್ಲಿ ಎಷ್ಟು ಬಿಗಿಯೋ, ಪುಸ್ತಕದ ವಿಷಯದಲ್ಲೂ ಅವಳು ಅಷ್ಟೇ ಬಿಗಿ. ಅವಳು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅತ್ತಿಗೆ-ನಾದಿನಿ ಇಬ್ಬರೂ ಒಂದೇ ಪುಸ್ತಕವನ್ನು ಸರದಿಯ ಮೇಲೆ ಓದುತ್ತಿದ್ದರು. ಮೊದಲು ಓದಿದವರು ಹೊಗಳಬಹುದು, ಉಗಿಯಬಹುದು. ಕೊನೆಯ ಬಗ್ಗೆ ಮಾತ್ರ ಬಾಯಿ ಬಿಡುವಂತಿಲ್ಲ. ಒಮ್ಮೆ ನಾದಿನಿ ಬಾಯಿತಪ್ಪಿ ಕೊಲೆಗಾರ ಯಾರೆಂದು ಹೇಳಿಬಿಟ್ಟದ್ದಕ್ಕೆ ಅತ್ತಿಗೆ ವಾರಗಟ್ಟಲೆ ಮುಖ ಗಂಟಿಕ್ಕಿಕೊಂಡು ಓಡಾಡಿದ್ದಳು.

ಈಗ ನಾದಿನಿಯ ಕೈಯಲ್ಲಿ ಪುಸ್ತಕ ಹಿಡಿಯುವಷ್ಟೂ ಕಸುವಿರಲಿಲ್ಲ. ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಕಾದಂಬರಿ ತೆರೆದಿಟ್ಟುಕೊಂಡು, ಒಂದು ತೋಳು ಹೊಲಿದು ಒಂದು ಪುಟ ಓದುತ್ತಿದ್ದವಳು ಅವಳು. ಅವಳು ಓದಿ ಕೊಟ್ಟ ಪುಸ್ತಕಗಳಲ್ಲೆಲ್ಲ ದಾರದ ಚೂರುಗಳು ಸಿಗುತ್ತಿದ್ದವು. ಬೆಳಿಗ್ಗೆ ಡಾಕ್ಟರು ಅತ್ತಿಗೆಯನ್ನು ಹೊರಗೆ ಕರೆದು, ಇನ್ನು ನೋವು ಕಡಿಮೆ ಮಾಡುವುದಷ್ಟೇ ನಮ್ಮ ಕೈಲಿರುವುದು ಎಂದಿದ್ದರು. ಆ ಮಾತನ್ನು ಅವಳಿನ್ನೂ ಗಂಡನಿಗೆ ಹೇಳಿರಲಿಲ್ಲ. ತಂಗಿಯೆಂದರೆ ಜೀವ ಬಿಡುವ ಮನುಷ್ಯ. ಹೇಗೆ ಹೇಳುವುದು?

ಅವಳು ಕುರ್ಚಿ ಎಳೆದುಕೊಂಡು ಪತ್ತೇದಾರಿ ಕಾದಂಬರಿಯಿಂದ ಶುರುಮಾಡಿದಳು. ಕೊಂದವನು ಆ ಮನೆಗೆ ಬಂದುಹೋಗುವ ವಕೀಲನೇ. ಆದರೆ ಅರ್ಧಕ್ಕೇ ಅದರ ವಾಸನೆ ಹೊಡೆಯುತ್ತದೆ, ಬರೆದವನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದಳು. ಪ್ರವಾಸ ಕಥನದವನು ಇಡೀ ಮರುಭೂಮಿ ದಾಟಿಹೋಗಿ ತನ್ನ ಹೊಟ್ಟೆನೋವಿನ ಬಗ್ಗೆಯೇ ಬರೆದಿದ್ದಾನೆ, ಅದಕ್ಕೆ ಮನೆಯಲ್ಲೇ ಇದ್ದಿದ್ದರೂ ಆಗುತ್ತಿತ್ತು ಎಂದಳು. ನಾದಿನಿ ನಕ್ಕಳು, ನಗು ಕೆಮ್ಮಿಗೆ ತಿರುಗಿತು. ನೀರು ಕುಡಿಸಿದ ಮೇಲೆ ದೆವ್ವದ ಕಥೆಗಳ ಸರದಿ. ಅದರಲ್ಲಿ ದೆವ್ವಗಳೆಲ್ಲ ದಂಡ, ದೆವ್ವ ಬರಲೆಂದು ಬಾಗಿಲು ತೆರೆದಿಟ್ಟು ಕಾಯುವ ಮುದುಕಿಯದೊಂದೇ ಕಥೆ ಎದೆ ಹಿಂಡುತ್ತದೆ. ಅವಳಿಗೋಸ್ಕರ ಯಾರೂ ಬರುವುದಿಲ್ಲ. ಕವನ ಸಂಕಲನಕ್ಕೆ ಕೊನೆಯೆಂಬುದೇ ಇಲ್ಲವಲ್ಲ ಎಂದಾಗ, ಹಾಗಾದರೆ ಅದು ತನಗೆ ಬೇಡ ಎಂದಳು ನಾದಿನಿ.

ಉಳಿದದ್ದು ದಪ್ಪನೆಯ ಸಂಸಾರದ ಕಾದಂಬರಿ. ಅದರಲ್ಲಿ ಕಾಯಿಲೆ ಬಿದ್ದ ಸೊಸೆಯನ್ನು ಆಸ್ಪತ್ರೆಗೆ ಸೇರಿಸುವವರೆಗೂ ನಾದಿನಿ ತಾನೇ ಓದಿದ್ದಳು. ಆಮೇಲೆ ಅಕ್ಷರಗಳು ಮಂಜಾದವು.

"ಅವಳು ಮನೆಗೆ ವಾಪಸ್ ಬರ್ತಾಳಾ?"

ಆ ಕೊನೆಯನ್ನು ಅತ್ತಿಗೆ ಹಿಂದಿನ ದಿನ ಬಸ್ಸಿನಲ್ಲಿ ಓದಿದ್ದಳು. ಓದುತ್ತ ಇಳಿಯಬೇಕಾದ ಸ್ಟಾಪು ದಾಟಿಹೋಗಿ, ಕಣ್ಣೊರೆಸಿಕೊಳ್ಳುತ್ತ ಅಷ್ಟು ದೂರ ಹಿಂದಕ್ಕೆ ನಡೆದಿದ್ದಳು.

"ಬರ್ತಾಳೆ," ಎಂದಳು. "ಸ್ವಲ್ಪ ದಿನ ಕಷ್ಟ ಆಗತ್ತೆ. ಆಮೇಲೆ ಗುಣ ಆಗ್ತಾಳೆ. ಕೊನೇಲಿ ಬಿಸಿಲಲ್ಲಿ ಕೂತು ಮಗಳಿಗೆ ಜಡೆ ಹಾಕ್ತಿರ್ತಾಳೆ."

ಜಡೆಯ ಮಾತು ಎಲ್ಲಿಂದ ಬಾಯಿಗೆ ಬಂತೋ ಅವಳಿಗೇ ತಿಳಿಯಲಿಲ್ಲ.

"ಪುಸ್ತಕ ಹೇಗಿದೆ?"

"ಚೆನ್ನಾಗಿದೆ."

ಯಾವ ಪುಸ್ತಕವನ್ನೂ ಅತ್ತಿಗೆ ಒಂದೇ ಮಾತಿಗೆ ಬಿಟ್ಟುಕೊಟ್ಟವಳಲ್ಲ. ನಾದಿನಿ ಬಹಳ ಹೊತ್ತು ಅವಳ ಮುಖವನ್ನೇ ನೋಡುತ್ತ ಮಲಗಿದ್ದಳು. ಹೊರಗೆ ಕಾರಿಡಾರಿನಲ್ಲಿ ಅಣ್ಣನ ದನಿ ಕೇಳಿಸಿತು. ಇವತ್ತು ಊಟ ಮಾಡಿದಳಾ ಎಂದು ನರ್ಸನ್ನು ವಿಚಾರಿಸುತ್ತಿದ್ದ. ನಾದಿನಿ ಹೊದಿಕೆಯಡಿಯಿಂದ ಕೈ ತೆಗೆದು ಅತ್ತಿಗೆಯ ಕೈಮೇಲಿಟ್ಟಳು.

"ಅಣ್ಣನಿಗೂ ಇದೇ ಕೊನೆ ಹೇಳಿ ಅತ್ತಿಗೆ. ಮೊದಲು ಮುಖ ಒರೆಸ್ಕೊಳ್ಳಿ."