ಬಂದರು ನೋಡಿ ಬಂದವನು

"ಹ್ವಾಯ್ ರಜತ, ನೀವ್ ಹೊಂಡುರಾಸಿಗೆ ಹೋದ್ದ್ ಬಂದರು ಕಾಂಬುಕೋ, ಹೋಟ್ಲು ಕಾಂಬುಕೋ?"

ಮೀನು ಸಾರಿನ ಸೌಟು ಹಿಡಿದೇ ಶರ್ಮಿಳಾ ಕೇಳಿದಳು. ಲಂಡನ್ನಿನ ಗ್ರೀನ್‌ಫರ್ಡಿನ ಫ್ಲ್ಯಾಟಿನಲ್ಲಿ ಭಾನುವಾರದ ಊಟ. ರಜತ ಫೋನಿನಲ್ಲಿ ತೋರಿಸುತ್ತಿದ್ದ ಫೋಟೋಗಳಲ್ಲಿ ತೆಂಗಿನ ಮರ, ಈಜುಕೊಳ, ಕರಿದ ಬಾಳೆಕಾಯಿ ಎಲ್ಲ ಇದ್ದವು. ಒಂದು ದಕ್ಕೆ ಇಲ್ಲ, ದಕ್ಕೆಗೆ ಕಟ್ಟಿದ ಒಂದು ದೋಣಿ ಇಲ್ಲ!

ರಜತ ಮೊದಲು ಅವಳ ಗಂಡ ಸುಧೀರನ ಮುಖ ನೋಡಿದ. ಆಮೇಲೆ, "ಬಂದರೂ ಕಂಡೆ ಅತ್ತಿಗೆ. ಮೂರು ದೇಶದ್ದ್" ಎಂದ.

"ಫಸ್ಟ್ ಕ್ಲಾಸ್ ಬಂದರು ಮಾರಾಯ್ತಿ" ಎಂದು ಮಾತು ಮುಗಿಸಿದವನು ಸುಧೀರ. ಅವನು ಲಂಡನ್ ಬಿಟ್ಟು ಕದಲಿರಲೇ ಇಲ್ಲ.

ಮಧ್ಯ ಅಮೆರಿಕದ ಕಡಲಲ್ಲಿ ಹಿಂದೆಂದೋ ಮುಳುಗಿದ ಹಡಗೊಂದರಿಂದ ತಾಮ್ರ ಎತ್ತುವುದು ಈ ಇಬ್ಬರ ಹೊಸ ಉದ್ಯೋಗ. ಯಾವ ಬಂದರಿನಿಂದ ಹೊರಟರೆ ಅನುಕೂಲ ಎಂದು ನೋಡಿ ಬಂದವನು ರಜತ. ನೀರಿಗಿಳಿಯಬೇಕಾದವನು ಮಾತ್ರ ಶರ್ಮಿಳಾಳ ಒಬ್ಬನೇ ತಮ್ಮ, ಶಂಕರ. ಗಂಗೊಳ್ಳಿಯಲ್ಲಿ ಬೋಟಿನಡಿಯ ಫ್ಯಾನಿಗೆ ಬಲೆ ಸುತ್ತಿಕೊಂಡರೆ ಮುಳುಗಿ ಬಿಡಿಸುವ ಹುಡುಗ. ಬರುವ ಶುಕ್ರವಾರ ಊರಿನಿಂದ ಹೊರಡುವವನಿದ್ದ. ಅದಕ್ಕೇ ಅವಳ ಈ ಪ್ರಶ್ನೆಗಳು.

ಏನು ಕೇಳಿದರೂ ಅಷ್ಟೇ. ಅಲ್ಲಿ ನೀರು ಎಷ್ಟು ಆಳ? ರಜತ ಸುಧೀರನನ್ನು ನೋಡುತ್ತಾನೆ. ಏನಾದರೂ ಆದರೆ ಆಸ್ಪತ್ರೆ? ಮತ್ತೆ ನೋಡುತ್ತಾನೆ. "ಇತ್ತ್, ಎಲ್ಲ ಇತ್ತ್" ಎನ್ನುತ್ತಾನೆ ಸುಧೀರ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಈ ರಜತ ಹೋಟೆಲಿನಲ್ಲಿ ಬಿದ್ದುಕೊಂಡು ಮಜಾ ಮಾಡಿ ಬಂದಿದ್ದಾನೆ, ಪಾಪದ ತನ್ನ ಗಂಡನಿಗೆ ಟೋಪಿ ಹಾಕುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಸಿಟ್ಟು ನೆತ್ತಿಗೇರಿತು.

ಒಳಗೆ ಹೋದವಳು ಕೊಲ್ಲೂರು ಅಮ್ಮನ ಪಟದ ಮುಂದೆ ಉರಿಯುತ್ತಿದ್ದ ದೀಪವನ್ನೇ ತಂದು ರಜತನ ತಟ್ಟೆಯ ಪಕ್ಕ ಇಟ್ಟಳು.

"ಮುಟ್ಟಿ ಹೇಳಿ. ನನ್ನ ತಮ್ಮಂಗೆ ಅಲ್ಲಿ ಅಪಾಯ ಇಲ್ಲೆ ಅಂದೇಳಿ. ಮತ್ತೆ ನಾ ಬಾಯಿ ಬಿಡುದಿಲ್ಲ."

"ಇದೆಂತ ಪಂಚಾತಿಗೆ ಮಾರಾಯ್ತಿ, ಊಟದ ಹೊತ್ತಿಗೆ!" ಸುಧೀರ ನಕ್ಕ. ಜೊತೆಗೆ ಯಾರೂ ನಗಲಿಲ್ಲ.

ರಜತ ಕೈ ಚಾಚಿದ. ಅರ್ಧಕ್ಕೇ ಹಿಂದೆ ತೆಗೆದ.

"ಕಂಡ್ರಾ!" ಶರ್ಮಿಳಾ ಗಂಡನತ್ತ ತಿರುಗಿದಳು. "ನಾ ಹೇಳ್ಲಿಲ್ಯಾ? ಸಿಕ್ಕಿಬಿದ್ದ ಕಾಣಿ!"

"ದೀಪ ಮುಟ್ಟಿ ಸುಳ್ಳ್ ಹೇಳುಕೆ ಆತಿಲ್ಲೆ ಅತ್ತಿಗೆ" ಎಂದ ರಜತ. "ಒಂದು ಬಂದರಿನಲ್ಲೂ ನಮ್ಗೆ ಪರವಾನಗಿ ಸಿಕ್ಲಿಲ್ಲ. ಕದ್ದು ಮುಳುಗ್ಬೇಕು. ದಕ್ಕೆ ಮೇಲೆ ಗಾಲಿಕುರ್ಚಿಯಲ್ಲಿ ಹುಡುಗ್ರು ಕೂತಿದ್ರು, ಶಂಕರನ ಪ್ರಾಯದವ್ರೇ. ಆಳದಿಂದ ಗಡಿಬಿಡಿಯಲ್ಲಿ ಮೇಲೆ ಬಂದು ಸೊಂಟದ ಕೆಳಗೆ ಸ್ವಾಧೀನ ಹೋದವ್ರು. ಬಂದ ದಿನವೇ ಸುಧೀರಣ್ಣಂಗೆ ಎಲ್ಲ ಹೇಳಿದ್ದೆ. ದಕ್ಕೆಯ ಫೋಟೋ ಎಲ್ಲ ಅಳಿಸು ಅಂದ್ರು."

ಇಷ್ಟು ಹೊತ್ತು ತಾನು ಸಂಶಯಪಟ್ಟದ್ದು ಯಾರ ಮೇಲೆ! ಶರ್ಮಿಳಾ ದೀಪವನ್ನೆತ್ತಿ ಗಂಡನ ಮುಂದೆ ಹಿಡಿದಳು.

"ನೀವ್ ಮುಟ್ಟಿ."

ಸುಧೀರ ತಲೆಯೆತ್ತಿ ಸೀಲಿಂಗ್ ನೋಡಿದ. "ಒಳಗಿಡ್ ಮಾರಾಯ್ತಿ, ಸ್ಮೋಕ್ ಅಲಾರಂ ಬಡ್ಕಂತ್."

ಒಂದೇ ಬತ್ತಿಯ ದೀಪ ಅದು, ಹೊಗೆಯೇ ಇರಲಿಲ್ಲ. ಶರ್ಮಿಳಾ ಅದನ್ನು ಅವನ ತಟ್ಟೆಯ ಪಕ್ಕ ಇಟ್ಟು, ಗಂಗೊಳ್ಳಿಗೆ ಫೋನ್ ಹಚ್ಚಿದಳು.

"ಶಂಕರ, ನೀ ಬಪ್ಪುದ್ ಬ್ಯಾಡ. ಎಂತಕ್ಕಂದ್ರೆ, ನಿನ್ನ ಭಾವ ಹೇಳ್ತ್ರ್."

ಸ್ಪೀಕರ್ ಒತ್ತಿ ಫೋನನ್ನು ಗಂಡನ ಮುಂದಿಟ್ಟಳು.

"ಹೇಳಿ ಭಾವ" ಎಂದಿತು ಹುಡುಗನ ಧ್ವನಿ. "ನೀವ್ ಹೆಂಗ್ ಹೇಳ್ತ್ರಿಯೋ ಹಂಗೆ."