ಚಾಲಕನಿಲ್ಲದ ಠಾಣೆ

ಅಗ್ನಿಶಾಮಕ ಠಾಣೆಯಲ್ಲಿ ವಾಹನವಿತ್ತು, ಚಾಲಕನಿರಲಿಲ್ಲ. ಹೊಸ ತೆರಿಗೆ ಜಾರಿಯಾದರೆ ಚಾಲಕನನ್ನು ಕೊಡುವುದಾಗಿ ಸರ್ಕಾರ ಹೇಳಿತ್ತು. ಜವಳಿ ವರ್ತಕರು ಆ ತೆರಿಗೆಯ ವಿರುದ್ಧ ಬಂದ್ ಕರೆದರು.

“ಬಂದ್ ಕೈಬಿಡಿ ಸಾಹುಕಾರ್ರೇ. ನಾಳೆ ಬೆಂಕಿ ಬಿದ್ರೆ ಏನ್ ಮಾಡ್ತೀರಿ?” ಎಂದು ಠಾಣಾಧಿಕಾರಿ ಕೇಳಿದ.

“ವ್ಯಾಪಾರ ನೆಲಕಚ್ಚಿದೆ. ಕೇರಂ ಆಡ್ಕೊಂಡು ಕೂರೋರಿಗೆ ಸಂಬಳ ಕೊಡೋಕೆ ನಾವೇ ಬೇಕಾ?” ಎಂದ ವರ್ತಕರ ಸಂಘದ ಅಧ್ಯಕ್ಷ.

ಬಂದ್ ಯಶಸ್ವಿಯಾಯಿತು. ಸರ್ಕಾರ ತೆರಿಗೆ ಹಿಂಪಡೆಯಿತು. ಅಂದು ಸಂಜೆ ಅಧ್ಯಕ್ಷನೇ ಠಾಣೆಗೆ ಫೋನ್ ಮಾಡಿದ.

“ಬೇಗ ಗಾಡಿ ಕಳಿಸ್ರೀ, ನಮ್ಮ ಬಟ್ಟೆ ಅಂಗಡಿಗೆ ಬೆಂಕಿ ಬಿದ್ದಿದೆ.”

“ಓಡಿಸೋರಿಲ್ಲ. ಹೆಂಗ್ ಬಿತ್ತು?”

“ಪಟಾಕಿ ಕಿಡಿ ಹಾರಿ.”

“ಹಬ್ಬ ಇಲ್ಲ, ಮದುವೆ ಇಲ್ಲ, ಯಾತರ ಪಟಾಕಿ?”

“ತೆರಿಗೆ ಹೋಯ್ತಲ್ಲ, ಅದಕ್ಕೆ ಹೊಡೆದ್ವಿ.”

ಹದಿನಾಲ್ಕು ಅಂಗಡಿಗಳು ಸುಟ್ಟುಹೋದವು.